ಹೊಸ ಪ್ಲೇಟ್ ಹಾಕಿಸಿದರೂ ಟ್ರ್ಯಾಕ್ಟರಿನ ಕ್ಲಚ್ ಮತ್ತೆ ಜಾರುತ್ತಿರುವುದೇಕೆ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಮುಂಡರಗಿ ತಾಲೂಕು. ಮನೆಯಲ್ಲಿ 45 ಅಶ್ವಶಕ್ತಿಯ, ಡಬಲ್ ಕ್ಲಚ್ ಇರುವ ಟ್ರ್ಯಾಕ್ಟರ್ ಇದೆ. ಅದನ್ನು ನನ್ನ ತಮ್ಮ ಓಡಿಸುತ್ತಾನೆ. ಎಂಟು ತಿಂಗಳ ಹಿಂದೆ ಹೊಸ ಕ್ಲಚ್ ಪ್ಲೇಟ್ ಹಾಕಿಸಿದ್ದೆವು. ಈಗ ಕಬ್ಬಿನ ಎರಡು ಟ್ರೇಲರ್ ಕಟ್ಟಿಕೊಂಡು ಏರು ಹತ್ತುವಾಗ ಇಂಜಿನ್ನಿನ ಸಪ್ಪಳ ಏರುತ್ತದೆ, ಗಾಡಿ ಮಾತ್ರ ಮುಂದೆ ಸಾಗುವುದಿಲ್ಲ, ಸುಟ್ಟ ವಾಸನೆಯೂ ಬರುತ್ತದೆ. ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಪಲ್ಟಿ ನೇಗಿಲು ಹೊಡೆಯುವಾಗಲೂ ಒಮ್ಮೊಮ್ಮೆ ಹೀಗಾಗುತ್ತದೆ. ರೋಟಾವೇಟರ್ ಮಾತ್ರ ಮೊದಲಿನಂತೆಯೇ ನಡೆಯುತ್ತದೆ. ಕ್ಲಚ್ ಪೆಡಲ್ ಮುಟ್ಟಿದ ಕೂಡಲೇ ಬಿಗಿ ಹತ್ತುತ್ತದೆ. ಶೆಡ್ಡಿನ ನೆಲದ ಮೇಲೆ ಎಣ್ಣೆಯ ಕಲೆ ಕಾಣುತ್ತಿದೆ. ಇಂಜಿನ್ ಸೋತಿದೆ ಎಂದು ತಮ್ಮ ಹೇಳುತ್ತಾನೆ. ಪೂರ್ತಿ ಕ್ಲಚ್ ಸೆಟ್ ಬದಲಿಸಬೇಕು ಎಂದು ಮಿಸ್ತ್ರಿ ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತಿನ ಮೇಲೂ ಹಣ ಖರ್ಚು ಮಾಡಬೇಡಿ. ಮೊದಲು ಒಂದು ತಾಸು ಬಿಡುವು ಮಾಡಿಕೊಂಡು, ಒಂದು ಉಕ್ಕಿನ ಸ್ಕೇಲು, ಎರಡು ಪಾನಾ, ಒಂದು ಹಳೆಯ ದಿನಪತ್ರಿಕೆ ತೆಗೆದುಕೊಂಡು ಟ್ರ್ಯಾಕ್ಟರಿನ ಹತ್ತಿರ ಹೋಗಿ. ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಟ್ರ್ಯಾಕ್ಟರ್ ಬಿಚ್ಚಿ ಕಟ್ಟುವ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ಎಂಟು ತಿಂಗಳಲ್ಲಿ ಮತ್ತೆ ಜಾರುವ ಕ್ಲಚ್ಚಿನಲ್ಲಿ ತಪ್ಪು ಪ್ಲೇಟಿನದಾಗಿರುವುದು ಅಪರೂಪ. ಪ್ಲೇಟು ಸುಡುವುದು ಕೊನೆಯ ಫಲ. ಅದನ್ನು ಸುಟ್ಟ ಕಾರಣ ಬೇರೆಲ್ಲೋ ಉಳಿದುಕೊಂಡಿರುತ್ತದೆ, ಆ ಕಾರಣವನ್ನು ತೆಗೆಯದೆ ಹಾಕಿದ ಎರಡನೆಯ ಪ್ಲೇಟೂ ಮೊದಲಿನದರ ದಾರಿಯನ್ನೇ ಹಿಡಿಯುತ್ತದೆ.

ನಿಮ್ಮ ಪತ್ರದಲ್ಲಿಯೇ ಬೆಲೆಯುಳ್ಳ ಒಂದು ಸುಳಿವು ಇದೆ. ರೋಟಾವೇಟರ್ ಚೆನ್ನಾಗಿ ನಡೆಯುತ್ತದೆ ಎಂದಿದ್ದೀರಿ. ಗಟ್ಟಿ ನೆಲದಲ್ಲಿ ರೋಟಾವೇಟರ್ ತಿರುಗಿಸುವುದಕ್ಕೆ ಇಂಜಿನ್ನಿನ ಹೆಚ್ಚುಕಡಿಮೆ ಎಲ್ಲ ಶಕ್ತಿಯೂ ಬೇಕು. ಆ ಕೆಲಸದಲ್ಲಿ ಇಂಜಿನ್ ಕುಗ್ಗುತ್ತಿಲ್ಲವೆಂದರೆ ಅದು ಸೋತಿಲ್ಲ. ಅಲ್ಲದೆ, ಸೋತ ಇಂಜಿನ್ನಿನ ಲಕ್ಷಣವೇ ಬೇರೆ: ಹೊರೆ ಬಿದ್ದ ಕೂಡಲೇ ಅದರ ಸಪ್ಪಳ ಇಳಿಯುತ್ತದೆ, ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತದೆ, ಕೊನೆಗೆ ಬಂದ್ ಬೀಳುತ್ತದೆ. ನಿಮ್ಮಲ್ಲಿ ಸಪ್ಪಳ ಏರುತ್ತಿದೆ. ಅಂದರೆ ಇಂಜಿನ್ ಹುಟ್ಟಿಸಿದ ಶಕ್ತಿ ಗೇರ್ ಬಾಕ್ಸಿನವರೆಗೆ ಮುಟ್ಟದೆ ನಡುವೆಯೇ ಸೋರಿಹೋಗುತ್ತಿದೆ. ಇದನ್ನು ನಿಮ್ಮ ತಮ್ಮನಿಗೆ ಸಮಾಧಾನದಿಂದ ತಿಳಿಸಿರಿ. ಇಂಜಿನ್ ಬಿಚ್ಚಿಸುವ ಮಾತು ಸದ್ಯಕ್ಕೆ ಬೇಡ.

ಕ್ಲಚ್ಚಿನ ಒಳಗೆ ನಡೆಯುವುದೇನು ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ತಪಾಸಣೆ ಸುಲಭವಾಗುತ್ತದೆ. ಇಂಜಿನ್ನಿನ ಹಿಂಬದಿಗೆ ಭಾರವಾದ ಫ್ಲೈವೀಲ್ ಇರುತ್ತದೆ. ಅದರ ಮುಖಕ್ಕೆ ಕ್ಲಚ್ ಪ್ಲೇಟನ್ನು ಪ್ರೆಶರ್ ಪ್ಲೇಟು ತನ್ನ ಸ್ಪ್ರಿಂಗುಗಳ ಬಲದಿಂದ ಒತ್ತಿ ಹಿಡಿದಿರುತ್ತದೆ. ಹಲ್ಲಿಗೆ ಹಲ್ಲು ಕೂಡುವ ಜೋಡಣೆ ಇಲ್ಲಿಲ್ಲ. ಬರೀ ಒತ್ತಡ ಮತ್ತು ಘರ್ಷಣೆ. ಆದ್ದರಿಂದ ಕ್ಲಚ್ ಜಾರುವುದಕ್ಕೆ ಮೂಲದಲ್ಲಿ ಮೂರೇ ಕಾರಣಗಳು ಸಾಧ್ಯ: ಒತ್ತುವ ಬಲ ಕಡಿಮೆಯಾಗಿರಬೇಕು, ಇಲ್ಲವೇ ಮುಖಗಳ ನಡುವಿನ ಘರ್ಷಣೆ ಕಡಿಮೆಯಾಗಿರಬೇಕು, ಇಲ್ಲವೇ ಹೊರೆ ಅದರ ಶಕ್ತಿಯನ್ನು ಮೀರಿರಬೇಕು. ನಿಮ್ಮಂಥ ಡಬಲ್ ಕ್ಲಚ್ಚಿನಲ್ಲಿ ಒಂದೇ ಕವಚದೊಳಗೆ ಎರಡು ಪ್ಲೇಟುಗಳಿರುತ್ತವೆ. ಒಂದು ಗಾಲಿಗಳಿಗೆ ಶಕ್ತಿ ಕೊಡುವ ಮುಖ್ಯ ಪ್ಲೇಟು, ಇನ್ನೊಂದು ಪಿಟಿಒ, ಅಂದರೆ ರೋಟಾವೇಟರಿನಂಥ ಉಪಕರಣಗಳನ್ನು ತಿರುಗಿಸುವ ಹಿಂಬದಿಯ ಶಾಫ್ಟಿಗೆ ಶಕ್ತಿ ಕೊಡುವ ಪ್ಲೇಟು. ಪೆಡಲನ್ನು ಅರ್ಧ ತುಳಿದಾಗ ಮೊದಲು ಮುಖ್ಯ ಪ್ಲೇಟು ಬಿಡುತ್ತದೆ, ಪೂರ್ತಿ ತುಳಿದಾಗ ಪಿಟಿಒ ಪ್ಲೇಟೂ ಬಿಡುತ್ತದೆ. ಈ ಕ್ರಮವನ್ನು ನೆನಪಿನಲ್ಲಿಡಿ, ಏಕೆಂದರೆ ನಿಮ್ಮ ಟ್ರ್ಯಾಕ್ಟರಿನ ರೋಗ ಇದರಲ್ಲೇ ಅಡಗಿದೆ ಎಂದು ನನ್ನ ಅನುಮಾನ.

ಆದರೂ ಅನುಮಾನವನ್ನು ಖಚಿತ ಮಾಡಿಕೊಳ್ಳಬೇಕು. ಎರಿ ಹೊಲದಲ್ಲಿ ಗಾಲಿ ಜಾರುವುದನ್ನು ಕ್ಲಚ್ ಜಾರುವುದೆಂದು ತಪ್ಪಾಗಿ ತಿಳಿಯುವವರು ಬಹಳ ಮಂದಿ. ಮಳೆಯಾದ ನಾಲ್ಕು ದಿನಕ್ಕೆ ಎರಿ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಟೈರಿನ ಹಲ್ಲುಗಳ ಸಂದಿಯಲ್ಲಿ ಮಣ್ಣು ತುಂಬಿಕೊಂಡು ಟೈರು ಬೋಳಾದಂತೆ ತಿರುಗುತ್ತದೆ. ಉಳುಮೆಯಲ್ಲಿ ನೂರಕ್ಕೆ ಹತ್ತು ಹದಿನೈದರಷ್ಟು ಗಾಲಿ ಜಾರುವುದು ಸಹಜವೇ. ಆದ್ದರಿಂದ ಹೊಲದಲ್ಲಿ ಪರೀಕ್ಷೆ ಮಾಡಬೇಡಿ, ಗಟ್ಟಿಯಾದ ಡಾಂಬರು ರಸ್ತೆಯಲ್ಲಿ ಮಾಡಿರಿ.

ವಿಧಾನ ಸರಳವಾಗಿದೆ. ವಾಹನಗಳ ಓಡಾಟ ಕಡಿಮೆ ಇರುವ ರಸ್ತೆಯಲ್ಲಿ 100 ಮೀಟರು ಅಳೆದು ಎರಡು ಗುರುತು ಮಾಡಿಕೊಳ್ಳಿ. ಸ್ವಲ್ಪ ಏರು ಇದ್ದರೆ ಒಳ್ಳೆಯದು. ಮೊದಲು ಖಾಲಿ ಟ್ರ್ಯಾಕ್ಟರನ್ನು ಒಂದು ಮೇಲಿನ ಗೇರಿನಲ್ಲಿ, ಇಂಜಿನ್ನಿನ ಸುತ್ತು ತೋರಿಸುವ ಮೀಟರಿನ ಮುಳ್ಳು 1500ರಲ್ಲಿ ನಿಲ್ಲುವಂತೆ ಓಡಿಸಿ, ಗುರುತಿನಿಂದ ಗುರುತಿಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಮೊಬೈಲಿನಲ್ಲಿ ನೋಡಿಕೊಳ್ಳಿ. ಆಮೇಲೆ ಹೊರೆ ಕಟ್ಟಿಕೊಂಡು ಅದೇ ಗೇರು, ಅದೇ 1500, ಅದೇ ದಿಕ್ಕು. ಗೇರಿನ ಅನುಪಾತ ಬದಲಾಗುವಂಥದ್ದಲ್ಲ. ಇಂಜಿನ್ನಿನ ಸುತ್ತು ಒಂದೇ ಆಗಿದ್ದರೆ ಗಾಲಿಯ ಸುತ್ತೂ ಒಂದೇ ಆಗಿರಬೇಕು, ಹಾಗಾಗಿ ಸಮಯವೂ ಒಂದೆರಡು ಸೆಕೆಂಡಿನ ಅಂತರದಲ್ಲಿ ಒಂದೇ ಬರಬೇಕು. ಖಾಲಿ ಇದ್ದಾಗ 36 ಸೆಕೆಂಡು ಹಿಡಿದದ್ದು ಹೊರೆ ಇದ್ದಾಗ 40 ಸೆಕೆಂಡು ಹಿಡಿದರೆ ಕ್ಲಚ್ಚು ನೂರಕ್ಕೆ ಹತ್ತರಷ್ಟು ಜಾರುತ್ತಿದೆ ಎಂದರ್ಥ. ಬ್ರೇಕ್ ಹಾಕಿ, ಮೇಲಿನ ಗೇರಿಗೆ ತಳ್ಳಿ, ಕ್ಲಚ್ ಬಿಟ್ಟು ಇಂಜಿನ್ ಬಂದ್ ಬೀಳುತ್ತದೆಯೇ ಎಂದು ನೋಡುವ ಇನ್ನೊಂದು ಪದ್ಧತಿ ನಮ್ಮ ಕಡೆ ಎಲ್ಲರಿಗೂ ಗೊತ್ತಿದೆ. ಅದು ತಪ್ಪಲ್ಲ, ಆದರೆ ಮೊದಲೇ ಬಳಲಿದ ಪ್ಲೇಟನ್ನು ಪ್ರತಿ ಸಲವೂ ಅದು ಮತ್ತಷ್ಟು ಸುಡುತ್ತದೆ. ಮಾಡಲೇಬೇಕಿದ್ದರೆ ಎದುರಿಗೆ ಯಾರೂ ಇಲ್ಲದ ಬಯಲಿನಲ್ಲಿ, ಒಂದೇ ಸಲ, ಎರಡು ಮೂರು ಸೆಕೆಂಡಿನೊಳಗೆ ಮುಗಿಸಬೇಕು.

ಹತ್ತರಷ್ಟು ಜಾರುವುದೆಂದರೆ ಸಣ್ಣ ಮಾತೆಂದು ಕಾಣಬಹುದು. ಲೆಕ್ಕ ಹಾಕಿ ನೋಡೋಣ. 45 ಅಶ್ವಶಕ್ತಿಯೆಂದರೆ ಸುಮಾರು 33 ಕಿಲೋವ್ಯಾಟ್. ಪೂರ್ಣ ಹೊರೆಯಲ್ಲಿ ಅದರ ಹತ್ತನೆಯ ಒಂದು ಪಾಲು ಜಾರಿದರೆ 3.3 ಕಿಲೋವ್ಯಾಟ್ ಶಕ್ತಿ ಶಾಖವಾಗಿ ಕ್ಲಚ್ಚಿನ ಕವಚದೊಳಗೇ ಉಳಿಯುತ್ತದೆ. ಮನೆಯಲ್ಲಿ ಬಳಸುವ ಸಾವಿರ ವ್ಯಾಟಿನ ಮೂರು ಇಸ್ತ್ರಿ ಪೆಟ್ಟಿಗೆಗಳನ್ನು ಒಂದು ಮುಚ್ಚಿದ ಬೋಗುಣಿಯೊಳಗೆ ಹಚ್ಚಿಟ್ಟಂತೆ. ಏರು ಮುಗಿಯುವಷ್ಟರಲ್ಲಿ ಪ್ಲೇಟಿನ ಅಂಟು ಸುಡುತ್ತದೆ, ಫ್ಲೈವೀಲಿನ ಮುಖ ನೀಲಿಯಾಗುತ್ತದೆ, ಸ್ಪ್ರಿಂಗುಗಳು ತಮ್ಮ ಬಿಗುಪನ್ನು ಕಳೆದುಕೊಳ್ಳಲು ತೊಡಗುತ್ತವೆ. ನಿಮಗೆ ಬಂದ ಸುಟ್ಟ ವಾಸನೆ ಇದರದೇ. ಇಂಥ ಸ್ಥಿತಿಯಲ್ಲಿ ಇನ್ನೊಂದು ಖೇಪು ಮುಗಿಸಿಬಿಡೋಣ ಎಂದು ಓಡಿಸುವುದು, ದಯವಿಟ್ಟು ಹೇಳುತ್ತೇನೆ, ಬೇಡ. ಪ್ಲೇಟಿನ ಖರ್ಚಿನಲ್ಲಿ ಮುಗಿಯುವುದನ್ನು ಫ್ಲೈವೀಲಿನವರೆಗೆ ಒಯ್ಯುವುದು ಆ ಒಂದು ಖೇಪೇ.

ಈಗ ಪೆಡಲಿಗೆ ಬರೋಣ. ಮುಟ್ಟಿದ ಕೂಡಲೇ ಬಿಗಿ ಹತ್ತುತ್ತದೆ ಎಂದು ನೀವು ಬರೆದ ಸಾಲನ್ನು ನಾನು ಎರಡು ಸಲ ಓದಿದೆ. ಆರೋಗ್ಯವಾಗಿರುವ ಪೆಡಲು ಹಾಗಿರುವುದಿಲ್ಲ. ಮೊದಲು ಸ್ವಲ್ಪ ದೂರ ಅದು ಸಡಿಲಾಗಿ, ಬರೀ ಪೆಡಲಿನ ಸ್ಪ್ರಿಂಗಿನ ವಿರುದ್ಧ ಇಳಿಯಬೇಕು. ಆಮೇಲೆ ಬಿಗಿ ಸಿಗಬೇಕು. ಈ ಸಡಿಲು ದೂರವನ್ನು ಮಿಸ್ತ್ರಿಗಳು ಫ್ರೀ ಪ್ಲೇ ಎನ್ನುತ್ತಾರೆ. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಇದು ಪೆಡಲಿನ ತುದಿಯಲ್ಲಿ ಅಳೆದಾಗ 20ರಿಂದ 30 ಮಿಲಿಮೀಟರಿನಷ್ಟಿರುತ್ತದೆ. ನಿಮ್ಮ ಮಾದರಿಗೆ ಎಷ್ಟೆಂಬುದು ಟ್ರ್ಯಾಕ್ಟರಿನ ಜೊತೆ ಬಂದ ಕೈಪಿಡಿಯಲ್ಲಿರುತ್ತದೆ, ಅದೇ ಅಂತಿಮ. ಅಳೆಯುವಾಗ ಕಾಲಿನಿಂದ ತುಳಿಯಬೇಡಿ, ಕಾಲಿಗೆ ಅಷ್ಟು ನಯವಾದ ಅಂತರ ತಿಳಿಯುವುದಿಲ್ಲ. ಇಂಜಿನ್ ಬಂದ್ ಮಾಡಿ, ಸ್ಕೇಲನ್ನು ಪೆಡಲಿನ ಪಕ್ಕಕ್ಕೆ ನಿಲ್ಲಿಸಿ, ಅಂಗೈಯಿಂದ ನಿಧಾನವಾಗಿ ಒತ್ತಿ, ಬಿಗಿ ಶುರುವಾದಲ್ಲಿ ನಿಲ್ಲಿಸಿ ಅಂಕಿ ನೋಡಿ.

ಪ್ಲೇಟು ಸವೆದರೆ ಪೆಡಲು ಸಡಿಲಾಗಬೇಕಲ್ಲ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಆಗುವುದು ಅದರ ವಿರುದ್ಧ. ಪ್ಲೇಟು ಸವೆದು ತೆಳ್ಳಗಾದಂತೆ ಪ್ರೆಶರ್ ಪ್ಲೇಟು ಫ್ಲೈವೀಲಿನ ಕಡೆಗೆ ಸರಿಯುತ್ತದೆ, ಅದಕ್ಕೆ ಕಟ್ಟಿದ ಫಿಂಗರುಗಳ (ಬೆರಳಿನಂಥ ಸನ್ನೆಗಳ) ಒಳತುದಿಗಳು ಏತದ ಮರದಂತೆ ಹಿಂದಕ್ಕೆ, ಅಂದರೆ ಪೆಡಲು ತುಳಿದಾಗ ಅವನ್ನು ಒತ್ತುವ ರಿಲೀಸ್ ಬೇರಿಂಗಿನ ಕಡೆಗೆ ಬರುತ್ತವೆ. ನಡುವಿನ ಸಂದಿ ಕಡಿಮೆಯಾಗುತ್ತ ಹೋಗಿ ಒಂದು ದಿನ ಇಲ್ಲವಾಗುತ್ತದೆ. ಅಂದಿನಿಂದ ಬೇರಿಂಗು ಫಿಂಗರುಗಳನ್ನು ಹಗಲೂ ಇರುಳೂ ಒತ್ತಿ ಹಿಡಿದಿರುತ್ತದೆ. ಪೆಡಲಿನ ಮೇಲೆ ಯಾರ ಕಾಲೂ ಇಲ್ಲದಿದ್ದರೂ ಕ್ಲಚ್ಚು ಸ್ವಲ್ಪ ತುಳಿದ ಸ್ಥಿತಿಯಲ್ಲೇ ಇರುತ್ತದೆ. ಒತ್ತುವ ಬಲ ಕುಗ್ಗುತ್ತದೆ, ಪ್ಲೇಟು ಜಾರುತ್ತದೆ, ಜಾರಿದ್ದಕ್ಕೆ ಇನ್ನಷ್ಟು ಸವೆಯುತ್ತದೆ, ಸವೆದಷ್ಟೂ ಬೇರಿಂಗು ಇನ್ನಷ್ಟು ಒತ್ತುತ್ತದೆ. ಇದು ತಾನಾಗಿ ನಿಲ್ಲುವ ಸುತ್ತಲ್ಲ. ಡಬಲ್ ಕ್ಲಚ್ಚಿನಲ್ಲಿ ಪೆಡಲಿನ ಮೊದಲರ್ಧ ಮುಖ್ಯ ಪ್ಲೇಟಿನದೆಂದು ಮೇಲೆ ಹೇಳಿದೆನಲ್ಲ. ಹಾಗಾಗಿ ಈ ಕಾಯಂ ಒತ್ತಡದ ಪೆಟ್ಟು ಮೊದಲು ಬೀಳುವುದು ಮುಖ್ಯ ಪ್ಲೇಟಿಗೆ, ಪಿಟಿಒ ಪ್ಲೇಟಿಗಲ್ಲ. ನಿಮ್ಮಲ್ಲಿ ಗಾಲಿಯ ಕೆಲಸ ಕೆಟ್ಟು ರೋಟಾವೇಟರಿನ ಕೆಲಸ ಸರಿಯಾಗಿ ಉಳಿದಿರುವುದಕ್ಕೆ ಇದು ತಕ್ಕಮಟ್ಟಿಗೆ ಹೊಂದುತ್ತದೆ.

ಸಡಿಲು ಸಿಗದಿದ್ದರೆ, ಪೆಡಲಿನಿಂದ ಕ್ಲಚ್ ಕವಚಕ್ಕೆ ಹೋಗುವ ಸಲಾಕೆಯ ಲಾಕ್ ನಟ್ಟು ತಿರುಗಿಸುವುದಕ್ಕೆ ಮೊದಲು ಇನ್ನೊಂದು ನೋಡಿರಿ. ಪೆಡಲಿನ ಕೆಳಗೆ ಕಾಲ್ಬೆರಳು ಹಾಕಿ ಮೇಲಕ್ಕೆ ಎತ್ತಿ. ಅದು ಅರ್ಧ ಇಂಚು ಮೇಲೆ ಬಂದರೆ, ಪೆಡಲು ತಾನಾಗಿ ಪೂರ್ತಿ ಮರಳುತ್ತಿಲ್ಲ ಎಂದಾಯಿತು. ನಮ್ಮ ಎರಿ ಮಣ್ಣು ಹಸಿಯಿದ್ದಾಗ ಅಂಟು, ಒಣಗಿದ ಮೇಲೆ ಇಟ್ಟಂಗಿ. ಪೆಡಲಿನ ಶಾಫ್ಟಿನ ಸುತ್ತ ಅದು ಹೆಪ್ಪುಗಟ್ಟಿ ಕೂತು, ಗ್ರೀಸ್ ನಿಪ್ಪಲ್ ಎಲ್ಲಿದೆ ಎಂಬುದೇ ಕಾಣದಂತಾದ ಟ್ರ್ಯಾಕ್ಟರುಗಳನ್ನು ಅಣ್ಣಿಗೇರಿ, ನವಲಗುಂದ ಕಡೆಯಿಂದ ಬಂದವರಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ. ಸ್ಕ್ರೂಡ್ರೈವರಿನಿಂದ ಆ ಮಣ್ಣನ್ನು ಕೆತ್ತಿ ತೆಗೆದು, ಹೊಸ ಗ್ರೀಸು ಎರಡೂ ಬದಿಯಿಂದ ಹೊರಬರುವವರೆಗೆ ತುಂಬಿ, ಮರಳು ಸ್ಪ್ರಿಂಗು ಮುರಿದಿದೆಯೇ ಅಥವಾ ಕೊಕ್ಕೆ ಕಳಚಿದೆಯೇ ಎಂದು ನೋಡಿದರೆ ಅರ್ಧ ರೋಗ ಅಲ್ಲಿಯೇ ವಾಸಿಯಾಗುವುದುಂಟು.

ಪೆಡಲು ಸ್ವಚ್ಛವಾಗಿ ಮರಳಿದ ಮೇಲೂ ಸಡಿಲು ಇಲ್ಲದಿದ್ದರೆ ಹೊಂದಿಸಬೇಕು. ಆ ಸಲಾಕೆಯ ಮೇಲಿನ ಲಾಕ್ ನಟ್ಟನ್ನು ಸಡಿಲಿಸಿ, ಸಲಾಕೆಯ ಉದ್ದವನ್ನು ಒಂದೊಂದೇ ಸುತ್ತು ಬದಲಿಸುತ್ತ, ಪ್ರತಿ ಸುತ್ತಿಗೂ ಅಳೆಯುತ್ತ, ಕೈಪಿಡಿಯ ಅಂಕಿ ಸಿಕ್ಕಾಗ ಲಾಕ್ ನಟ್ಟನ್ನು ಬಿಗಿ ಮಾಡಿ. ಬಿಗಿ ಮಾಡುವಾಗ ಅಂಕಿ ಬದಲಾಗುವುದು ಸಾಮಾನ್ಯ, ಆದ್ದರಿಂದ ಮತ್ತೊಮ್ಮೆ ಅಳೆಯಿರಿ. ಒಳ್ಳೆಯದಾಗಲಿ ಎಂದು ಸಡಿಲನ್ನು ಬೇಕಾದ್ದಕ್ಕಿಂತ ಹೆಚ್ಚು ಬಿಡಬೇಡಿ. ಆಗ ಕ್ಲಚ್ಚು ಪೂರ್ತಿ ಬಿಡದೆ ಗೇರು ಹಾಕುವಾಗ ಕರಕರ ಎನ್ನುತ್ತದೆ, ಪಿಟಿಒ ನಿಲ್ಲುವುದಿಲ್ಲ. ಪಿಟಿಒ ನಿಲ್ಲದ ಟ್ರ್ಯಾಕ್ಟರು ರೋಟಾವೇಟರಿನ ಹತ್ತಿರ ನಿಂತವರಿಗೆ ಅಪಾಯಕಾರಿ. ಹೊಂದಿಸಿದ ಮೇಲೆ ಪೆಡಲನ್ನು ಪೂರ್ತಿ ತುಳಿದಾಗ ಪಿಟಿಒ ಶಾಫ್ಟು ನಿಲ್ಲುವುದೇ ಎಂದು ದೂರದಿಂದ ನೋಡಿ ಖಚಿತ ಮಾಡಿಕೊಳ್ಳಲೇಬೇಕು.

ನೆಲದ ಮೇಲಿನ ಎಣ್ಣೆಯ ಕಲೆಯನ್ನು ನಾನು ಮರೆತಿಲ್ಲ. ಪ್ಲೇಟಿನ ಮುಖದ ಮೇಲಿರುವ ಘರ್ಷಣೆಯ ಪದರಕ್ಕೆ, ಅಂದರೆ ಸಾಮಾನ್ಯ ಲೈನಿಂಗಿಗೆ, ಒಣ ಸ್ಥಿತಿಯಲ್ಲಿ ಘರ್ಷಣೆಯ ಗುಣಾಂಕ 0.3ರಷ್ಟಿದ್ದರೆ ಎಣ್ಣೆ ಕುಡಿದ ಮೇಲೆ ಅದು 0.1ರ ಆಸುಪಾಸಿಗೆ ಇಳಿಯಬಹುದು. ಸ್ಪ್ರಿಂಗು ಎಷ್ಟೇ ಬಲವಾಗಿ ಒತ್ತಿದರೂ ಆಗ ಹಿಡಿತ ಸಿಗದು. ರಾತ್ರಿ ಟ್ರ್ಯಾಕ್ಟರು ನಿಲ್ಲಿಸಿದ ಮೇಲೆ ಇಂಜಿನ್ ಮತ್ತು ಗೇರ್ ಬಾಕ್ಸು ಕೂಡುವ ಜಾಗದ ಕೆಳಗೆ ಆ ದಿನಪತ್ರಿಕೆಯನ್ನು ಹಾಸಿ, ನಾಲ್ಕು ಮೂಲೆಗೆ ಕಲ್ಲು ಇಡಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ, ಬಣ್ಣ ಯಾವುದು ಎಂದು ನೋಡಿ. ತೆಳ್ಳಗೆ, ಕಪ್ಪಗೆ, ಕಾಗದದಲ್ಲಿ ಅಗಲವಾಗಿ ಹರಡಿದ್ದರೆ ಅದು ಇಂಜಿನ್ ಆಯಿಲ್, ಕ್ರ್ಯಾಂಕ್ ಶಾಫ್ಟಿನ ಹಿಂದಿನ ಸೀಲು ಸೋರುತ್ತಿದೆ. ದಪ್ಪಗೆ, ಕಂದು ಅಥವಾ ಹಳದಿ ಛಾಯೆಯಲ್ಲಿದ್ದು ಗೇರ್ ಆಯಿಲಿನ ಘಾಟು ವಾಸನೆಯಿದ್ದರೆ ಗೇರ್ ಬಾಕ್ಸಿನ ಮುಂದಿನ ಸೀಲು. ಕಲೆ ಬಿದ್ದದ್ದು ಇನ್ನೂ ಮುಂದೆ, ಇಂಜಿನ್ ಆಯಿಲ್ ನಿಲ್ಲುವ ಸಂಪಿನ ಕೆಳಗೆ ಮಾತ್ರವಾದರೆ ಅದು ಕ್ಲಚ್ಚಿಗೆ ಸಂಬಂಧವಿಲ್ಲದ ಸೋರಿಕೆ.

ಕ್ಲಚ್ ಕವಚದ ತಳದಲ್ಲಿ ಒಂದು ಸಣ್ಣ ರಂಧ್ರವಿದ್ದು, ಬಹಳ ಟ್ರ್ಯಾಕ್ಟರುಗಳಲ್ಲಿ ಅದರಲ್ಲಿ ಒಂದು ಸ್ಪ್ಲಿಟ್ ಪಿನ್ ಜೋತಾಡುತ್ತಿರುತ್ತದೆ. ಒಳಗೆ ಸೋರಿದ ಎಣ್ಣೆ ಹೊರಹೋಗಲೆಂದೇ ಆ ದಾರಿ. ಪಿನ್ನು ಅಲುಗಾಡುತ್ತ ಕೆಸರು ಕಟ್ಟದಂತೆ ನೋಡಿಕೊಳ್ಳುತ್ತದೆ. ಹಾನಗಲ್ ಕಡೆಯ ಭತ್ತದ ಗದ್ದೆಗಳಲ್ಲಿ ಕೆಸರು ಹೊಡೆಯುವಾಗ ನೀರು ಒಳಹೋಗದಂತೆ ಆ ರಂಧ್ರಕ್ಕೆ ಪ್ಲಗ್ ಹಾಕುತ್ತಾರೆ, ಕೆಲಸ ಮುಗಿದ ಮೇಲೆ ತೆಗೆಯುವುದನ್ನು ಮರೆಯುತ್ತಾರೆ. ಹೊಳೆಯಂಚಿನ ನಿಮ್ಮ ಕಡೆಯೂ ಹಾಗೇನಾದರೂ ಮಾಡಿದ್ದರೆ ಇಂದೇ ತೆಗೆಯಿರಿ. ತೆಗೆದಾಗ ಒಂದು ಬಟ್ಟಲು ಎಣ್ಣೆ ಸುರಿದರೆ ಹೊಂದಾಣಿಕೆಯ ಮಾತು ಮುಗಿಯಿತು, ಟ್ರ್ಯಾಕ್ಟರು ಬಿಚ್ಚಲೇಬೇಕು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಒಲೆಯ ಮೇಲೆ ಕಾಯಿಸಿ ಮತ್ತೆ ಹಾಕುವವರಿದ್ದಾರೆ. ಅದು ನಿಲ್ಲುವುದಿಲ್ಲ, ಬೆಂಕಿಯ ಅಪಾಯ ಬೇರೆ.

ಪೆಡಲು ಹೊಂದಿಸಿ, ಎಣ್ಣೆ ಇಲ್ಲವೆಂದು ಖಚಿತಪಡಿಸಿಕೊಂಡು, 100 ಮೀಟರಿನ ಪರೀಕ್ಷೆಯನ್ನು ಮತ್ತೆ ಮಾಡಿರಿ. ಸಮಯ ಸರಿಬಂದರೆ ಹಗುರವಾದ ಕೆಲಸದಿಂದ ಶುರುಮಾಡಿ, ಎಂಟು ದಿನಕ್ಕೊಮ್ಮೆ ಪೆಡಲನ್ನು ಅಳೆಯುತ್ತ ನಡೆಸಬಹುದು. ಸರಿಬರದಿದ್ದರೆ, ಅಥವಾ ಅಂಕಿ ಹತ್ತೇ ದಿನದಲ್ಲಿ ಮತ್ತೆ ಕುಗ್ಗಿದರೆ, ಲೈನಿಂಗು ಸುಟ್ಟು ಗಾಜಿನಂತಾಗಿದೆ ಅಥವಾ ರಿವೆಟ್ಟಿನವರೆಗೆ ಸವೆದಿದೆ. ಆಗ ಇಂಜಿನ್ನನ್ನೂ ಗೇರ್ ಬಾಕ್ಸನ್ನೂ ಬೇರ್ಪಡಿಸುವುದು ಅನಿವಾರ್ಯ. ಇದು ಮನೆಯಂಗಳದಲ್ಲಿ ಕಲ್ಲು ಕೊಟ್ಟು ಮಾಡುವ ಕೆಲಸವಲ್ಲ. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗಾಡುವಂಥದ್ದು. ಎರಡೂ ಬದಿಗೆ ಮರದ ಬೆಣೆ ಬಡಿಯದೆ ಬಿಚ್ಚಿದರೆ ಇಂಜಿನ್ ಪಕ್ಕಕ್ಕೆ ಉರುಳಿ ಮಿಸ್ತ್ರಿಯ ಮೇಲೆಯೇ ಬೀಳಬಹುದು.

ಬಿಚ್ಚಿದ ದಿನ ನೀವು ಅಲ್ಲಿ ಹಾಜರಿರಬೇಕೆಂಬುದು ನನ್ನ ಬಲವಾದ ಸಲಹೆ. ಹಳೆಯ ಪ್ಲೇಟನ್ನು ನಿಮ್ಮ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿರಿ. ಮುಖದ ಮೇಲೆ ಹೆಬ್ಬೆರಳು ಆಡಿಸಿದಾಗ ಸ್ಲೇಟಿನಂತೆ ತರಿ ತರಿಯಾಗಿ ಹತ್ತಿದರೆ ಲೈನಿಂಗು ಜೀವಂತವಾಗಿದೆ. ಗಾಜಿನ ಬಳೆಯಂತೆ ನುಣುಪಾಗಿ, ಕಪ್ಪಾಗಿ ಹೊಳೆದರೆ ಶಾಖಕ್ಕೆ ಸತ್ತಿದೆ. ರಿವೆಟ್ಟುಗಳ ತಲೆ ಮುಖದಿಂದ ಎಷ್ಟು ಒಳಗಿದೆ ಎಂದು ನೋಡಿ. ಆ ಆಳ 0.3 ಮಿಲಿಮೀಟರಿಗಿಂತ ಕಡಿಮೆಯಾದ ಪ್ಲೇಟನ್ನು ಮತ್ತೆ ಹಾಕಬಾರದು. ರಿವೆಟ್ಟಿನ ಹಿತ್ತಾಳೆ ಹೊಳೆಯುತ್ತಿದ್ದರೆ ಅದು ಫ್ಲೈವೀಲನ್ನು ಆಗಲೇ ಕೊರೆದಿದೆ. ಎರಡೂ ಮುಖಗಳನ್ನು ಹೋಲಿಸಿ: ಒಂದೇ ಬದಿ ಸುಟ್ಟಿದ್ದರೆ ಆ ಬದಿಯ ಲೋಹದ ಮುಖದಲ್ಲಿ ದೋಷವಿದೆ, ಇಲ್ಲವೇ ಪ್ಲೇಟಿನ ನಡುಭಾಗದ ಹಬ್ (hub) ಶಾಫ್ಟಿನ ಮೇಲೆ ಸಲೀಸಾಗಿ ಸರಿಯುತ್ತಿಲ್ಲ. ಕವಚದೊಳಗಿನ ಕಪ್ಪು ಧೂಳನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಹಸಿ ಬಟ್ಟೆಯಿಂದ ಒರೆಸಿ ತೆಗೆಯಲಿ.

ಫ್ಲೈವೀಲಿನ ವಿಷಯದಲ್ಲಿ ನನ್ನ ಜೀವನದ ಒಂದು ತಪ್ಪನ್ನು ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಬ್ಬ ರೈತರ ಟ್ರ್ಯಾಕ್ಟರಿನ ಫ್ಲೈವೀಲಿನಲ್ಲಿ ನೀಲಿ ಮಚ್ಚೆ ಮತ್ತು ಕೂದಲೆಳೆಯಂಥ ಬಿರುಕು ಕಂಡು ಅದನ್ನು ಲೇತಿಗೆ ಕೊಟ್ಟು ಮುಖ ಹೊಡೆಸಿದೆ. ಆ ಫ್ಲೈವೀಲಿನಲ್ಲಿ ಪ್ಲೇಟು ಕೂಡುವ ಮುಖ ತಗ್ಗಿನಲ್ಲಿತ್ತು, ಪ್ರೆಶರ್ ಪ್ಲೇಟಿನ ಕವರು ಬೋಲ್ಟಾಗುವ ಅಂಚು ಎತ್ತರದಲ್ಲಿತ್ತು. ನಾನು ಮುಖದಿಂದ ಹೆಚ್ಚುಕಡಿಮೆ ಒಂದು ಮಿಲಿಮೀಟರು ತೆಗೆಸಿದೆ, ಅಂಚನ್ನು ಹಾಗೆಯೇ ಬಿಟ್ಟೆ. ಹೊಸ ಪ್ಲೇಟು, ಹೊಸ ಪ್ರೆಶರ್ ಪ್ಲೇಟು, ಎಲ್ಲವೂ ಹೊಳೆಯುತ್ತಿದ್ದವು. ಒಂದು ತಿಂಗಳೊಳಗೆ ಆ ರೈತರು ಜಾರುವ ಕ್ಲಚ್ಚಿನೊಂದಿಗೆ ಮರಳಿ ಬಂದರು, ಅದೂ ಕಡಲೆ ಬಿತ್ತುವ ಹಂಗಾಮಿನಲ್ಲಿ. ತಗ್ಗು ಆಳವಾದಷ್ಟೂ ಸ್ಪ್ರಿಂಗುಗಳು ಕಡಿಮೆ ಅದುಮಲ್ಪಡುತ್ತವೆ, ಒತ್ತುವ ಬಲ ಅಷ್ಟರಮಟ್ಟಿಗೆ ಕುಗ್ಗುತ್ತದೆ ಎಂಬುದನ್ನು ನನ್ನ ಹಿರಿಯ ಮಿಸ್ತ್ರಿ ಅಂದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸಿದರು. ಮುಖದಿಂದ ಎಷ್ಟು ತೆಗೆಯುತ್ತೇವೋ ಅಂಚಿನಿಂದಲೂ ಅಷ್ಟೇ ತೆಗೆಯಬೇಕು. ಎಂಟು ತಿಂಗಳ ಹಿಂದೆ ನಿಮ್ಮ ಫ್ಲೈವೀಲನ್ನು ಲೇತಿಗೆ ಕೊಟ್ಟಿದ್ದರೇ, ಕೊಟ್ಟಿದ್ದರೆ ಅಂಚನ್ನೂ ತೆಗೆಸಿದ್ದರೇ ಎಂದು ನಿಮ್ಮ ಮಿಸ್ತ್ರಿಯನ್ನು ಕೇಳಿರಿ. ಅಂದು ಪ್ಲೇಟು ಮಾತ್ರ ಬದಲಿಸಿದ್ದೇವೆಂದು ನೀವು ಬರೆದದ್ದನ್ನು ನೋಡಿದರೆ, ಶಾಖ ತಿಂದ ಹಳೆಯ ಸ್ಪ್ರಿಂಗುಗಳೇ ಇನ್ನೂ ಒಳಗಿವೆ ಎಂದೂ ತೋರುತ್ತದೆ.

ಈ ದೃಷ್ಟಿಯಿಂದ ನಿಮ್ಮ ಮಿಸ್ತ್ರಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಪ್ರೆಶರ್ ಪ್ಲೇಟಿನ ಮುಖ ನೀಲಿಯಾಗಿದ್ದರೆ, ಬಾಗಿದ್ದರೆ, ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿದಾಗ ಕೆಲವು ಗಿಡ್ಡಗಾಗಿ ಕಂಡರೆ ಪೂರ್ತಿ ಸೆಟ್ ಬದಲಿಸುವುದೇ ಸರಿ. ಆದರೆ ಸೆಟ್ ಎಂಬ ಪೊಟ್ಟಣದಲ್ಲಿ ಕ್ರ್ಯಾಂಕಿನ ಸೀಲು ಬರುವುದಿಲ್ಲ, ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗು ಬರುವುದಿಲ್ಲ, ಪೆಡಲಿನ ಹೊಂದಾಣಿಕೆಯಂತೂ ಬರುವುದೇ ಇಲ್ಲ. ಟ್ರ್ಯಾಕ್ಟರು ಬಿಚ್ಚುವ ಕೂಲಿ ಒಂದೇ ಸಲ ಬೀಳುವಂತೆ, ಎರಡೂ ಕಡೆಯ ಸೀಲು, ಪೈಲಟ್ ಬೇರಿಂಗು, ರಿಲೀಸ್ ಬೇರಿಂಗು ಇವನ್ನು ಕೇಳಿ ಹಾಕಿಸಿಕೊಳ್ಳಿ. ಫಿಂಗರುಗಳನ್ನು ಗೇಜಿನಿಂದ ಒಂದೇ ಸಮತಲಕ್ಕೆ ಹೊಂದಿಸಬೇಕು, ಕಣ್ಣಳತೆ ಸಾಲದು. ಕವರಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಶಾಫ್ಟಿನ ಹಲ್ಲುಗಳಿಗೆ ಗ್ರೀಸು ಒರೆಸಿದಷ್ಟೇ ಇರಲಿ. ಹೆಚ್ಚಾದದ್ದು ತಿರುಗುವಾಗ ಸಿಡಿದು ಹೊಸ ಲೈನಿಂಗಿನ ಮೇಲೆಯೇ ಬೀಳುತ್ತದೆ. ಕಬ್ಬಿನ ಸಾಗಣೆಯೇ ನಿಮ್ಮ ಮುಖ್ಯ ಕೆಲಸವಾದರೆ, ನಿಮ್ಮ ಮಾದರಿಗೆ ಕಂಪನಿಯೇ ಕೊಡುವ ಸೆರಾಮೆಟಾಲಿಕ್ (ಲೋಹ ಮತ್ತು ಸೆರಾಮಿಕ್ ಬೆರೆತ) ಗುಂಡಿಗಳ ಪ್ಲೇಟು ಸಿಗುತ್ತದೆಯೇ ಎಂದು ವಿಚಾರಿಸಿ. ಅದು ಶಾಖವನ್ನು ಹೆಚ್ಚು ತಾಳುತ್ತದೆ. ಹಿಡಿತ ಮಾತ್ರ ಒಮ್ಮೆಲೇ ಜಗ್ಗಿದಂತೆ ಸಿಗುತ್ತದೆ, ಅದಕ್ಕೆ ಕಾಲು ರೂಢಿಯಾಗಬೇಕು.

ಇನ್ನು ಓಡಿಸುವ ವಿಚಾರ. ನಿಮ್ಮ ತಮ್ಮ ಕೂತು ಓಡಿಸುವಾಗ ಒಮ್ಮೆ ಪಕ್ಕದಲ್ಲಿ ನಿಂತು ಅವನ ಎಡಗಾಲನ್ನು ನೋಡಿರಿ, ಮುಂಚಿತವಾಗಿ ಹೇಳದೆಯೇ ನೋಡಿರಿ. ಏರಿನಲ್ಲಿ, ಊರೊಳಗೆ, ಕಾರ್ಖಾನೆಯ ಮುಂದಿನ ಸಾಲಿನಲ್ಲಿ ಕಾಲು ಪೆಡಲಿನ ಮೇಲೆಯೇ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದರೆ, ಸಡಿಲು ಎಷ್ಟೇ ಸರಿಯಾಗಿ ಹೊಂದಿಸಿದ್ದರೂ ಫಲವಿಲ್ಲ. ಬರೀ ಕಾಲಿನ ಭಾರವೇ ಆ 25 ಮಿಲಿಮೀಟರನ್ನು ನುಂಗಿ ಬೇರಿಂಗನ್ನು ಫಿಂಗರಿಗೆ ಒತ್ತಿ ಹಿಡಿಯುತ್ತದೆ. ಸಾಲಿನಲ್ಲಿ ನಿಂತಾಗ ನ್ಯೂಟ್ರಲ್ ಮಾಡಿ ಕಾಲು ತೆಗೆಯಬೇಕು. ಏರಿನಲ್ಲಿ ನಿಲ್ಲಬೇಕಾದರೆ ಬ್ರೇಕಿನ ಮೇಲೆ ನಿಲ್ಲಬೇಕು, ಹಾಫ್ ಕ್ಲಚ್ಚಿನ ಮೇಲಲ್ಲ.

ಹೊರೆ ಕಟ್ಟಿಕೊಂಡು ಹೊರಡುವಾಗಿನ ಗೇರಿನ ಆಯ್ಕೆ ಇದಕ್ಕಿಂತಲೂ ಮಹತ್ವದ್ದು. ನಿಂತ ಹೊರೆಯನ್ನು ಒಂದು ವೇಗಕ್ಕೆ ತರುವಾಗ ಕ್ಲಚ್ಚಿನಲ್ಲಿ ಹುಟ್ಟುವ ಶಾಖ ಆ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಅರ್ಧ ವೇಗದ ಗೇರಿನಲ್ಲಿ ಹೊರಟರೆ ಆ ಶಾಖ ಕಾಲು ಪಾಲಿಗೆ ಇಳಿಯುತ್ತದೆ. ಎರಡು ಟ್ರೇಲರ್ ಹಿಂದಿರುವಾಗ ಕೆಳಗಿನ ಗೇರಿನಲ್ಲಿ, ಇಂಜಿನ್ ಅಬ್ಬರಿಸದೆ, ಪೆಡಲನ್ನು ತಡವರಿಸದೆ ಪೂರ್ತಿ ಬಿಟ್ಟು ಹೊರಡಬೇಕು. ಏರು ಬರುವ ಮೊದಲೇ ಗೇರು ಇಳಿಸಬೇಕು. ಏರಿನ ನಡುವೆ ಸೋತು, ಹಾಫ್ ಕ್ಲಚ್ಚಿನಲ್ಲಿ ಎಳೆದು ದಾಟಿಸುವುದು ಪ್ಲೇಟಿನ ಆಯುಷ್ಯವನ್ನು ಕಣ್ಣೆದುರೇ ಕತ್ತರಿಸಿದಂತೆ. ಹೊರೆಯ ಬಗ್ಗೆಯೂ ನೇರವಾಗಿ ಹೇಳುತ್ತೇನೆ: 45 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಕಬ್ಬು ತುಂಬಿದ ಎರಡು ಟ್ರೇಲರ್ ಕಟ್ಟಿ ಏರುಪೇರಿನ ದಾರಿಯಲ್ಲಿ ಓಡಿಸುವುದು ಕ್ಲಚ್ಚಿಗಷ್ಟೇ ಅಲ್ಲ, ಇಳಿಜಾರಿನಲ್ಲಿ ಬ್ರೇಕಿಗೂ ಮೀರಿದ ಭಾರ. ಖೇಪು ಹೆಚ್ಚಾದರೂ ಚಿಂತೆಯಿಲ್ಲ, ಒಂದೇ ಟ್ರೇಲರ್ ಕಟ್ಟಲು ಸಾಧ್ಯವೇ ಎಂದು ಮನೆಯಲ್ಲಿ ಕೂತು ಲೆಕ್ಕ ಹಾಕಿರಿ.

ಹೊಸ ಪ್ಲೇಟು ಹಾಕಿಸುವ ಪ್ರಸಂಗ ಬಂದರೆ ಮೊದಲ ಕೆಲವು ದಿನ ಹಗುರವಾದ ಕುಂಟಿ ಹೊಡೆಯುವಂಥ ಕೆಲಸಕ್ಕೆ ಮಾತ್ರ ಬಳಸಿ, ಮುಖಗಳು ಒಂದಕ್ಕೊಂದು ಕೂಡಲಿ. ಆ ದಿನಗಳಲ್ಲಿ ಪೆಡಲಿನ ಸಡಿಲು ಬೇಗ ಬದಲಾಗುವುದರಿಂದ ಮೂರನೆಯ ದಿನಕ್ಕೊಮ್ಮೆ, ಹತ್ತನೆಯ ದಿನಕ್ಕೊಮ್ಮೆ ಅಳೆದು, ಅಂಕಿ ಮತ್ತು ತಾರೀಖನ್ನು ಡೀಸೆಲ್ ಲೆಕ್ಕ ಬರೆಯುವ ವಹಿಯಲ್ಲೇ ಬರೆದಿಡಿ. ಸದ್ಯಕ್ಕೆ ನಾಳೆ ಬೆಳಿಗ್ಗೆ ದಿನಪತ್ರಿಕೆಯ ಮೇಲೆ ಬಿದ್ದ ಕಲೆಯ ಬಣ್ಣ, ಪೆಡಲಿನ ಸಡಿಲು ಎಷ್ಟು ಮಿಲಿಮೀಟರು, 100 ಮೀಟರಿಗೆ ಖಾಲಿ ಮತ್ತು ಹೊರೆಯಲ್ಲಿ ಹಿಡಿದ ಸೆಕೆಂಡುಗಳು, ಈ ಅಂಕಿಗಳನ್ನು ನಿಮ್ಮ ಮಿಸ್ತ್ರಿಯ ಮುಂದೆ ಇಡಿ. ನನಗೂ ಬರೆದು ತಿಳಿಸಿದರೆ ಟ್ರ್ಯಾಕ್ಟರು ಬಿಚ್ಚಬೇಕೇ ಬೇಡವೇ ಎಂಬುದನ್ನು ಇನ್ನೂ ಖಚಿತವಾಗಿ ಹೇಳಬಲ್ಲೆ.